ದೋಣಿ ಬಡಗಿಯ ಮೂರು ಮೀಟರು

ಈ ಕತೆಯನ್ನು ಮೊದಲು ಹೇಳಿದವಳು ಹಾಯಿ ಹೊಲಿಯುತ್ತಿದ್ದ ಅಜ್ಜಿ. ಕಡಲ ದಂಡೆಗೆ ಹೊಸ ನಿಯಮಗಳು ಬಂದ ಎರಡನೆಯ ವರ್ಷ, ಗಾಳಿಯ ಹೊಡೆತಕ್ಕೆ ದೋಣಿಯೊಂದೂ ಹೊರಡದ ಒಂದು ಮಧ್ಯಾಹ್ನ, ಹಗ್ಗದಂಗಡಿಯ ಮುಂದೆ ಹೇಳಿದಳು. ಅನಂತರ ಹೇಳಿದವರು ತಮಗೆ ತೋಚಿದ ಬಣ್ಣ ಬಳಿದಿದ್ದಾರೆ. ಇಲ್ಲಿರುವುದು ಅಜ್ಜಿ ಹೇಳಿದ ಕ್ರಮ.

ದೋಣಿ ರಿಪೇರಿ ಮಾಡುವ ಬಡಗಿಯೊಬ್ಬನಿದ್ದ. ಅಪ್ಪ ಕಟ್ಟಿಸಿದ ಹಲಗೆಯ ಶೆಡ್ಡೇ ಅವನ ಅನ್ನ. ಒಂದು ಬೆಳಿಗ್ಗೆ ಅದರ ಬಾಗಿಲಿಗೆ ಪುರಸಭೆಯ ನೋಟೀಸು ಅಂಟಿತ್ತು: 'ಉಬ್ಬರದ ಗೆರೆಯಿಂದ ಐವತ್ತು ಮೀಟರಿನೊಳಗಿನ ಕಟ್ಟಡಗಳ ತಪಾಸಣೆ. ಇಂದು ಸಂಜೆ ನಾಲ್ಕಕ್ಕೆ ಮಾಲೀಕರು ಹಾಜರಿರತಕ್ಕದ್ದು.'

ಪಕ್ಕದ ಮನೆಯ ನಿವೃತ್ತ ಗುಮಾಸ್ತರು ಹಲ್ಲುಜ್ಜುತ್ತಲೇ ಬಂದು ಓದಿದರು.

"ತಪಾಸಣೆ ಅಂತ ಬರೆಯೋದು ಮರ್ಯಾದೆಗಪ್ಪ. ಮೂವತ್ತು ವರ್ಷ ಕಚೇರೀಲಿ ಕೂತವನು ನಾನು. ನಾಲ್ಕಕ್ಕೆ ತಪಾಸಣೆ, ಐದಕ್ಕೆ ಬುಲ್ಡೋಜರು."

"ಅಯ್ಯೋ ಸಾರ್, ನಾನೇನು ತಪ್ಪು ಮಾಡ್ದೆ?"

"ನೀನಲ್ಲ, ನಿನ್ನ ಶೆಡ್ಡು ಮಾಡಿದೆ. ಮೊದಲು ಅಳೆದು ನೋಡು."

ಬಡಗಿಯ ಭಾವಮೈದುನ ಹಗ್ಗ ಹಿಡಿದು ಅಳೆದ. ನಲವತ್ತೇಳು. ಇನ್ನಷ್ಟು ಬಿಗಿಯಾಗಿ ಎಳೆದು ಅಳೆದ. ಆಗಲೂ ನಲವತ್ತೇಳು.

"ಹಗ್ಗ ಎಳೆದ್ರೆ ಭೂಮಿ ಉದ್ದ ಆಗುತ್ತೇನೋ?" ಎಂದಳು ಅವನ ಅಕ್ಕ, ಎಂದರೆ ಬಡಗಿಯ ಹೆಂಡತಿ.

"ಬರೀ ಮೂರು ಮೀಟರಿಗೆ ಅನ್ನ ಹೋಯ್ತಲ್ಲೇ!" ಬಡಗಿ ಮರಳಿನ ಮೇಲೆ ಕುಸಿದ.

"ಬಾವ, ದೋಣೀನ ದಂಡೆಗೆ ಹೇಗೆ ಹತ್ತಿಸ್ತೀವಿ? ಅಡಿಗೆ ದಿಮ್ಮಿ ಹಾಕಿ ಉರುಳಿಸ್ತೀವಿ. ಶೆಡ್ಡಿಗೇನು ಕೊಂಬಿದೆಯಾ?"

"ಭೇಷ್!" ಎಂದರು ಗುಮಾಸ್ತರು.

ಬೀದಿಗೆ ಬೀದಿಯೇ ನೆರೆಯಿತು. ಕೈ ಹಚ್ಚಿದವರು ಎಂಟು ಜನ, ಬಾಯಿ ಹಚ್ಚಿದವರು ಇಪ್ಪತ್ತು. ಹಾರೆಗಳಿಂದ ಮೀಟಿ, ಶೆಡ್ಡನ್ನು ಅಡಿಗಲ್ಲುಗಳ ಮೇಲಿಂದ ಎಬ್ಬಿಸಿ ದಿಮ್ಮಿಗಳ ಮೇಲೆ ಕೂರಿಸಿದರು. ಹಲ್ಲು ಕೀಳಿಸಿಕೊಳ್ಳಲು ಹೊರಟವನಂತೆ ಅದು ಒಂದು ಹೆಜ್ಜೆ ಮುಂದಿಟ್ಟು ಎರಡು ಹೆಜ್ಜೆಯಷ್ಟು ಯೋಚಿಸುತ್ತಿತ್ತು. ಕಿಟಕಿಯ ಗಾಜು ಒಡೆಯಿತು. ಡಾಂಬರಿನ ಡಬ್ಬ ಉರುಳಿ ಗುಮಾಸ್ತರ ಚಪ್ಪಲಿಗಳನ್ನು ನೆಲಕ್ಕೆ ಅಂಟಿಸಿತು. ಅವರು ನಿಂತಲ್ಲಿಂದಲೇ ಸಲಹೆ ಮುಂದುವರಿಸಿದರು. ನಾಲ್ಕಕ್ಕೆ ಐದು ನಿಮಿಷವಿರುವಾಗ ಶೆಡ್ಡು ಐವತ್ತು ದಾಟಿ ಹುಲ್ಲಿನ ದಿಬ್ಬವೇರಿ ನಿಂತಿತು. ದಿಮ್ಮಿಗಳನ್ನು ಎಳೆದು ನೆಲಕ್ಕಿಳಿಸುವುದೊಂದು ಬಾಕಿ.

ಆಗ ಪುರಸಭೆಯ ಅಧಿಕಾರಿಣಿ ಬಂದರು. ಕೈಯಲ್ಲೊಂದು ತಗಡಿನ ನಂಬರು ಫಲಕ.

"ಇಲ್ಲೊಂದು ಹಳೇ ಶೆಡ್ಡು ಇತ್ತಲ್ಲ?"

"ಇತ್ತು ಮೇಡಂ! ಈಗ ಅಲ್ಲಿದೆ ನೋಡಿ. ಐವತ್ತು ದಾಟಿಸಿದ್ದೀವಿ!" ಎಂದ ಬಡಗಿ.

ಅಧಿಕಾರಿಣಿಯ ಮುಖ ಬಾಡಿತು. "ಏನು ಕೆಲಸ ಮಾಡಿದ್ರಿ ಯಜಮಾನ್ರೇ! ನಿಯಮಕ್ಕಿಂತ ಮೊದಲೇ ಇದ್ದವಕ್ಕೆ ವಿನಾಯಿತಿ ಇದೆ. ಇದ್ದ ಜಾಗದಲ್ಲಿ ಇದ್ದಿದ್ರೆ ಸಾಕಿತ್ತು. ನಂಬರ್ ಹೊಡೆದು ಹೋಗೋಣ ಅಂತ ಬಂದೆ."

ಎಲ್ಲರೂ ಗುಮಾಸ್ತರನ್ನು ನೋಡಿದರು. ಗುಮಾಸ್ತರು ಚಪ್ಪಲಿ ನೋಡಿಕೊಂಡರು.

"ಅಷ್ಟೇ ತಾನೇ? ವಾಪಸ್ ಇಟ್ಟುಬಿಡ್ತೀವಿ!"

"ಈಗ ಇಟ್ರೆ ಅದು ಹೊಸ ಕಟ್ಟಡ. ಐವತ್ತರೊಳಗೆ ಹೊಸ ಕಟ್ಟಡ ಇಲ್ಲ."

"ಹಾಗಾದ್ರೆ ಅಲ್ಲೇ ಇಳಿಸ್ತೀವಿ."

"ಅದು ಮರಳು ಹಿಡಿದಿಡೋ ಹುಲ್ಲು. ಇನ್ನೂರು ಮೀಟರ್ ತನಕ ಸಂರಕ್ಷಿತ."

"ಇನ್ನೂರು ದಾಟಿದ್ರೆ?"

"ಹೆದ್ದಾರಿ."

"ಎಲ್ಲಿಡ್ಲಿ ತಾಯಿ ಇದನ್ನ?" ಎಂದು ಕೇಳುವಷ್ಟರಲ್ಲಿ ಬಡಗಿಯ ಕಣ್ಣು ತುಂಬಿತ್ತು.

ಅಧಿಕಾರಿಣಿ ಒಳ್ಳೆಯ ಮನಸ್ಸಿನವರು. ಅಲ್ಲೇ ಕಲ್ಲಿನ ಮೇಲೆ ಕುಳಿತು ನಿಯಮಾವಳಿಯನ್ನು ಮೊದಲಿನಿಂದ ಕೊನೆಯವರೆಗೆ ತಿರುವಿದರು. ಕೊನೆಯ ಪುಟದಲ್ಲಿ ಅವರ ಮುಖ ಅರಳಿತು.

"ಸಿಕ್ತು! ಒಂದೇ ಜಾಗದಲ್ಲಿ ಒಂದು ದಿನಕ್ಕಿಂತ ಹೆಚ್ಚು ನಿಂತದ್ದು ಮಾತ್ರ ಕಟ್ಟಡ. ಉರುಳ್ತಾ ಇರೋದಕ್ಕೆ ನಿಯಮವೇ ಇಲ್ಲ. ಹುಲ್ಲಿನಿಂದ ಕೆಳಗಿಳಿಸಿ, ದಂಡೆ ಉದ್ದಕ್ಕೂ ದಿನಾ ಸ್ವಲ್ಪ ಸ್ವಲ್ಪ ಜರುಗಿಸ್ತಾ ಇರಿ. ಯಾರೂ ನಿಮ್ಮನ್ನ ಕೇಳಲ್ಲ!"

ಒಬ್ಬ ಬಡವನಿಗೆ ದಾರಿ ತೋರಿದ ತೃಪ್ತಿಯಿಂದ ಅವರು ಹೊರಟುಹೋದರು. ಕೈ ಹಚ್ಚಿದ ಎಂಟು ಜನಕ್ಕೂ ಒಮ್ಮೆಗೇ ಮನೆಗೆಲಸ ನೆನಪಾಯಿತು. ಭಾವಮೈದುನನಿಗೆ ಬೆನ್ನು ಹಿಡಿದುಕೊಂಡಿತು. ಗುಮಾಸ್ತರು ಬರಿಗಾಲಲ್ಲಿ ಮನೆ ಸೇರಿದರು.

ಉಳಿದವರು ಗಂಡ ಹೆಂಡತಿ. ಇಬ್ಬರೂ ಶೆಡ್ಡಿಗೆ ಹೆಗಲು ಕೊಟ್ಟರು.

"ರಿಪೇರಿಗೆ ಬಂದವರು ನಮ್ಮನ್ನ ಎಲ್ಲಿ ಅಂತ ಹುಡುಕ್ತಾರೆ ರೀ?"

"ದಿಮ್ಮಿ ಗುರುತು ಹಿಡಿದು ಬರಲಿ."

"ಎಷ್ಟು ದಿನ ಹೀಗೆ?"

"ದಂಡೆ ಮುಗಿಯೋ ತನಕ."

"ಮುಗಿದ ಮೇಲೆ?"

ಬಡಗಿ ಉಸಿರು ಬಿಟ್ಟ. "ವಾಪಸ್."

ಅಜ್ಜಿ ಇಲ್ಲಿಗೆ ನಿಲ್ಲಿಸಿ ದಾರ ಕಚ್ಚಿ ತುಂಡರಿಸಿದಳು. ಈಗ ಆ ಶೆಡ್ಡು ಎಲ್ಲಿದೆಯೆಂದು ಒಬ್ಬರು ಕೇಳಿದರು. "ನಿನ್ನೆ ಇದ್ದಲ್ಲಿ ಅಂತೂ ಇಲ್ಲ," ಎಂದಳು. ಕೇಳುತ್ತಿದ್ದವರು ಒಬ್ಬೊಬ್ಬರಾಗಿ ಎದ್ದು, ಬಟ್ಟೆಗಂಟಿದ ಮರಳು ಕೊಡವಿ, ತಮ್ಮ ತಮ್ಮ ಮನೆ ಇದ್ದಲ್ಲೇ ಇದೆಯೇ ಎಂದು ನೋಡಲು ಬೇಗ ಬೇಗನೆ ಹೊರಟರು.