ಮನೆಗೊಂದು ಡಬ್ಬಿ

ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸಿ ಅದರ ಮುಂದೆ ಪೊರಕೆಯಾಡಿಸುವ ಕರ್ಲಿಂಗ್ ಆಟದ ಕ್ಲಬ್ಬಿನಲ್ಲಿ ವೈಫೈ ಸಾಲದು ಎಂದು ಓರೆಸ್ಟ್ ಬಾಯಿಬಿಟ್ಟದ್ದೇ ತಪ್ಪಾಯಿತು. ಆ ಊರಿನಲ್ಲಿ ಏನಾದರೂ ಸಾಲದು ಎಂದರೆ ಮನೆಗೊಂದು ಪಾತ್ರೆ ಹೊತ್ತು ತರುವ ಜನ. ಫೈನಲ್ಲಿನ ದಿನ ಪೆರೋಗಿ ಕಡುಬು, ಎಲೆಕೋಸಿನ ಸುರುಳಿಗಳ ಜೊತೆ ಮನೆಗೊಂದು ಹಳೇ ರೌಟರ್ ಡಬ್ಬಿಯೂ ಬಂತು. ಯಾರನ್ನೂ ಕೇಳದೆ ಕಂಡ ಕಂಡಲ್ಲಿ ಸಿಕ್ಕಿಸಿದರು.

ಅಧ್ಯಕ್ಷೆ ಲೊರೇನ್ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಸ್ಕೋರು ಟಿವೀಲಿ ಬರುತ್ತೆ ಅಂತ ಊರಿಗೆಲ್ಲ ಡಂಗುರ ಹೊಡೆದ್ಯಲ್ಲಪ್ಪ, ಎಲ್ಲಿ? ಆಟ ಶುರುವಾಗೋದ್ರೊಳಗೆ ಬರಲಿಲ್ಲ ಅಂದ್ರೆ ನೀನು ಆಡೋದು ಬೇಡ. ಹಲಗೆ ಹತ್ರ ನಿಂತು ಅಂಕ ಬರಿ."

"ನನ್ನ ಬಾಯಿಗೆ ಮೊದಲು ಪಾಸ್‌ವರ್ಡ್ ಹಾಕ್ಬೇಕಿತ್ತು," ಎಂದು ಓರೆಸ್ಟ್ ಗೊಣಗಿಕೊಂಡ. ಕೂದಲು ನೆರೆತ ಮೇಲೆ ಮೊದಲ ಸಲ ಫೈನಲ್ ತಂಡಕ್ಕೆ ಸೇರಿದ್ದ.

ವೈಫೈಗೆ ಸೇರಿದ ಯಂತ್ರಗಳಿಗೆ ವಿಳಾಸ ಹಂಚುವುದು ಒಂದೇ ಡಬ್ಬಿಯ ಕೆಲಸ. ಇಲ್ಲಿ ಎಲ್ಲ ಡಬ್ಬಿಗಳೂ ಪೈಪೋಟಿಯ ಮೇಲೆ ಬಡಿಸುವ ನೆಂಟರ ಹಾಗೆ ಹಂಚುತ್ತಿದ್ದವು. ಟಿವಿಗೂ ಬಿಲ್ಲಿನ ಯಂತ್ರಕ್ಕೂ ಒಂದೇ ಮನೆ ನಂಬರು. 'ಸ್ಕೋರು' ಎಂಬ ಹೆಸರಿನ ಕಂಪ್ಯೂಟರ್ ಎಲ್ಲಿದೆ ಎಂದು ಟಿವಿ ಕೇಳಿದರೆ, ಯಾವ ಡಬ್ಬಿಗೂ ಗೊತ್ತಿಲ್ಲ.

ಓರೆಸ್ಟ್ ಒಂದೊಂದಾಗಿ ಕೀಳತೊಡಗಿದ.

"ಅದು ನಮ್ಮತ್ತೇದು ಕಣೋ," ಎಂದ ಪಕ್ಕದ ಮನೆಯ ಡಗಲ್. "ಅವರ ಪೆರೋಗಿ ತಿಂದು ಅವರ ಡಬ್ಬೀನೇ ಕೀಳ್ತೀಯಾ?"

"ಕೀಳ್ತಿಲ್ಲ ಮಾರಾಯ, ಸ್ವಲ್ಪ ಮಲಗಿಸ್ತಿದೀನಿ."

ಎಲ್ಲವೂ ಕಪ್ಪು, ಎಲ್ಲದರ ಮೇಲೂ ಧೂಳು. ಕಿತ್ತದ್ದೆಲ್ಲ ಮೂಲೆಯಲ್ಲಿ ರಾಶಿಯಾಯಿತು. ಕಾಫಿ ಹಂಡೆಯ ಹಿಂದಿದ್ದದ್ದೇ ಕ್ಲಬ್ಬಿನದು ಎಂದುಕೊಂಡು ಅದೊಂದನ್ನು ಉಳಿಸಿದ. ಅದರ ಮುಂದೆ ಕುಳಿತು ಪ್ರತಿ ಯಂತ್ರಕ್ಕೂ ಬೇರೆ ಬೇರೆ ನಂಬರು ಕೊಟ್ಟ. ಯಾವ ಹೆಸರಿಗೆ ಯಾವ ನಂಬರು ಎಂದು ಅದಕ್ಕೆ ಕಲಿಸಿದ. ಟಿವಿ ಕಣ್ಣು ಬಿಟ್ಟಿತು. ಜನ ಚಪ್ಪಾಳೆ ತಟ್ಟಿದರು.

"ನಿನ್ನ ತಲೇಲಿ ಬರೀ ಟೋಪಿ ಇದೆ ಅಂದ್ಕೊಂಡಿದ್ದೆ," ಎಂದಳು ಲೊರೇನ್. "ಹೋಗು, ಆಡು."

ಓರೆಸ್ಟ್ ಮದುಮಗನ ಹಾಗೆ ಪೊರಕೆ ಹಿಡಿದು ಮಂಜುಗಡ್ಡೆಯ ಮೇಲೆ ಕಾಲಿಟ್ಟ. ಅಷ್ಟರಲ್ಲಿ ಒಳಗಿನಿಂದ "ಅಯ್ಯೋ" ಎಂಬ ಸದ್ದು. ಓಡಿಬಂದು ನೋಡಿದರೆ ಟಿವಿ ಕಪ್ಪಗಿದೆ. ಬಾಗಿಲಲ್ಲಿ ಮುದುಕಿ ಹೆಡ್ವಿಗ್ ಕೋಟು ತೊಟ್ಟು ನಿಂತಿದ್ದಾಳೆ. ಒಂದು ಕಂಕುಳಲ್ಲಿ ತೊಳೆದ ಪಾತ್ರೆ, ಇನ್ನೊಂದರಲ್ಲಿ ಬಟ್ಟೆ ಸುತ್ತಿದ ಡಬ್ಬಿ.

"ಎಲ್ರೂ ಉಂಡಾಯ್ತಲ್ಲಪ್ಪ," ಎಂದಳು. "ನಂದು ನಾನು ತಗೊಂಡು ಹೊರಟೆ."

"ಕಾಫಿ ಹಂಡೆ ಹಿಂದಿದ್ದದ್ದು ನಿಮ್ದಾ? ಹಾಗಾದ್ರೆ ಕ್ಲಬ್ಬಿಂದು?"

"ಮೊದಲು ಅದನ್ನೇ ಅಲ್ವಾ ನೀನು ಕಿತ್ತಿದ್ದು. ತಿಳಿದೋನು, ಏನೋ ಲೆಕ್ಕ ಇರುತ್ತೆ ಅಂತ ಸುಮ್ನಿದ್ದೆ."

ಆಟದ ಗಂಟೆ ಹೊಡೆಯಿತು. ಲೊರೇನ್ ಓರೆಸ್ಟನ ಕೈಯಿಂದ ಪೊರಕೆ ತೆಗೆದು ಡಗಲ್‌ಗೆ ಕೊಟ್ಟಳು.