ಬಚ್ಚಲಿಗೊಂದು ಬೋಗುಣಿ

ಅಳಿಯನನ್ನು ಆರಿಸುವಾಗ ಸುಮ್ಮನೆ ಕೂತಿದ್ದ ಮನೆಮಂದಿಯೂ ಬಚ್ಚಲಿಗೆ ಬೋಗುಣಿ ಆರಿಸುವಾಗ ಬಾಯಿ ತೆಗೆಯುತ್ತಾರೆ. ಇದು ನಾನು ಕಣ್ಣಾರೆ ಕಂಡ ಮಾತು. ಆಳಂದದ ಪೇಟೆಯಲ್ಲಿ ನನ್ನದು ಭಾಂಡೆ ಅಂಗಡಿ. ಹಂಡೆ, ಕೊಡ, ತಂಬಿಗೆ, ಸ್ನಾನಕ್ಕೆ ನೀರು ಬೆರೆಸಿಕೊಳ್ಳುವ ಅಗಲ ಬಾಯಿಯ ಘಂಗಾಳ, ಎಲ್ಲ ಇಡುತ್ತಿದ್ದೆ. ನಿಜಾಮರ ಆಳಿಕೆಯ ಕೊನೆಯ ಹತ್ತು ಹನ್ನೆರಡು ವರ್ಷ ಆ ಅಂಗಡಿಯ ಕಟ್ಟೆಯ ಮೇಲೇ ಕಳೆದೆ. ಕೊಡ ಬೇಕಾದವರು ಬಂದು ಕೊಡ ಕೊಂಡು ಹೋಗುತ್ತಿದ್ದರು. ಬಚ್ಚಲಿನ ಸಾಮಾನಿಗೆ ಬಂದವರು ಮಾತ್ರ ಏನಾದರೊಂದು ಪ್ರಸಂಗ ಮಾಡದೆ ಕಟ್ಟೆ ಇಳಿದದ್ದು ನನಗೆ ನೆನಪಿಲ್ಲ.

ದನಿ ನೋಡಿ ಕೊಂಡದ್ದು

ಒಮ್ಮೆ ಭೂಸನೂರಿನ ಮುತ್ಯಾ ಒಬ್ಬರು ಹೆಂಡತಿಯ ಸಂಗಡ ಬಂದರು. ತೊಗರಿ ಮಾರಿ ಮುಗಿಸಿದ್ದರು, ಹುರುಪಿನಲ್ಲಿದ್ದರು. ಸ್ನಾನ ಮಾಡುತ್ತ ವಚನ ಹಾಡುವುದು ಅವರ ರೂಢಿ. ಹಾಡುತ್ತ ತಂಬಿಗೆಯಿಂದ ಘಂಗಾಳಕ್ಕೆ ತಾಳವನ್ನೂ ಹಾಕುತ್ತಿದ್ದರಂತೆ. ಆ ತಾಳಕ್ಕೇ ಹಳೆಯ ಘಂಗಾಳ ತಗ್ಗು ತಗ್ಗಾಗಿ ಕೆಲಸಕ್ಕೆ ಬಾರದಂತಾಗಿತ್ತು.

ನಾನು ಒಂದು ಘಂಗಾಳ ಎತ್ತಿ, "ತೂಕ ನೋಡ್ರಿ, ಹಿತ್ತಾಳಿ ಹೆಂಗದ" ಅಂದೆ.

"ತೂಕ ಯಾರಿಗೆ ಬೇಕ್ರಿ? ದನಿ ಕೇಳಸ್ರಿ" ಅಂದರು.

ಒಂದೊಂದಾಗಿ ಹನ್ನೊಂದು ಘಂಗಾಳ ಮುಂದಿಟ್ಟೆ. ಪ್ರತಿಯೊಂದಕ್ಕೂ ಬೆರಳಿನ ಗೆಣ್ಣಿನಿಂದ ಬಡಿಯುವುದು, ಕಣ್ಣು ಮುಚ್ಚಿ ಗುಂಯ್ ಎಂದು ದನಿ ಕೂಡಿಸುವುದು, ತಲೆ ಅಲ್ಲಾಡಿಸಿ ಮುಂದಿನದಕ್ಕೆ ಹೋಗುವುದು. ಬೀದಿಯ ಜನ ನಿಂತರು. ಒಂಬತ್ತನೆಯದಕ್ಕೆ ಮುತ್ಯಾರ ಮುಖ ಅರಳಿತು. "ಇದು ನೋಡ್ರಿ ನನ್ನ ಕೊರಳಿಗೆ ಕೂಡಿದ್ದು!" ಎಂದು ಅಲ್ಲೇ ಕೂತು ಒಂದು ಪೂರಾ ವಚನ ಹಾಡಿದರು. ಜನ ಶರಣು ಶರಣು ಅಂದರು.

ಅಷ್ಟು ಹೊತ್ತು ಮೂಲೆಯಲ್ಲಿ ಕೂತಿದ್ದ ಅವರ ಹೆಂಡತಿ ಎದ್ದರು. ಅವರೂ ಒಂದೊಂದಕ್ಕೆ ಬಡಿದು ನೋಡತೊಡಗಿದರು. ಈ ತಾಯಿಗೂ ಸಂಗೀತ ಗೊತ್ತಿದೆ ಅಂದುಕೊಂಡೆ. ಅಂಚು ಸೀಳಿದೆಯೆಂದು ನಾನು ಬದಿಗೆ ಸರಿಸಿಟ್ಟಿದ್ದ ಒಂದಕ್ಕೆ ಬಡಿದರು. ಥಪ್ ಅಂದಿತು. ಮತ್ತೆ ಬಡಿದರು. ಥಪ್.

"ಅಣ್ಣಾ, ಇದನ್ನs ಕೊಡ್ರಿ."

"ಯವ್ವಾ, ಅದರ ಅಂಚು ಸೀಳ್ಯದ. ಬಡದ್ರ ದನೀನs ಬರಂಗಿಲ್ಲ."

"ಅದಕ್ಕs ಕೇಳಾಕತ್ತೇನಿ. ಇವರ ಕೂಡ ನಲವತ್ತು ವರ್ಷ ಬಾಳೇವು ಮಾಡೇನಿ. ಬಚ್ಚಲದಾಗ ಒಬ್ಬರರೆ ಸುಮ್ಮನಿರಲಿ!"

ಎರಡು ತೂತು

ಆಳಂದಕ್ಕೆ ಹೊಸದಾಗಿ ಬಂದ ಸರಕಾರಿ ಸಾಹೇಬರೊಬ್ಬರಿಗೆ ಗೋಡೆಗೆ ಕೂಡಿಸುವ ಚೀನಿ ಮಣ್ಣಿನ ಬೇಸಿನ್ನು ಬೇಕಾಗಿತ್ತು. ಅಂಥದ್ದನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಕಂಡಿಲ್ಲ ಅನ್ನಲು ನಾಚಿಕೆಯಾಗಿ "ತರಸ್ತೇನಿ ಹುಜೂರ್" ಅಂದುಬಿಟ್ಟೆ. ಸೋಲಾಪುರಕ್ಕೆ ಬರೆದೆ. ಹುಲ್ಲು ತುಂಬಿದ ಕಟ್ಟಿಗೆಯ ಪೆಟ್ಟಿಗೆಯಲ್ಲಿ ಬಂತು. ಬಿಚ್ಚಿದರೆ ಹಾಲಿನಂಥ ಬಿಳುಪು. ಸಂತೋಷದಿಂದ ಕೈಯಾಡಿಸುತ್ತ ಹೋದೆ, ತಳದಲ್ಲಿ ಬೆರಳು ಕೆಳಗೇ ಇಳಿಯಿತು. ತೂತು! ನೋಡಿದರೆ ಮೇಲೆ ಅಂಚಿನಲ್ಲಿ ಇನ್ನೊಂದು ತೂತು. ಮೊದಲನೆಯ ಸಲ ಸರಕಾರದವರ ಮನೆಗೆ ಸಾಮಾನು ಕೊಡುವುದು, ಅದೂ ಒಡಕು.

ಪಕ್ಕದಲ್ಲಿ ಪಾತ್ರೆಗೆ ಕಲಾಯಿ ಹಾಕುವ ಚಾಚಾ ಇದ್ದರು. ಅವರಿಗೆ ತೋರಿಸಿದೆ.

"ಫಿಕೀರ್ ಬಿಡ್ರಿ ಸಾವ್ಕಾರ್ರ" ಅಂದರು. "ನಾ ಮುಚ್ಚಿದ ತೂತು ತೆಗಿಯೋ ಮಗಾ ಇನ್ನಾ ಹುಟ್ಟಿಲ್ಲ."

ಸುಣ್ಣ, ಬೆಲ್ಲ, ಕೋಳಿಮೊಟ್ಟೆಯ ಬಿಳಿ ಸೇರಿಸಿ ಅರೆದು ಎರಡನ್ನೂ ತುಂಬಿದರು. ಒಣಗಿಸಿ, ಉಜ್ಜಿ, ನುಣ್ಣಗೆ ಮಾಡಿದರು. ಎಲ್ಲಿತ್ತೆಂದು ನನಗೇ ತಿಳಿಯಲಿಲ್ಲ.

ಮರುದಿನ ಸಾಹೇಬರು ಬಂದು ಬೇಸಿನ್ನನ್ನು ಹೊರಳಿಸಿ ಹೊರಳಿಸಿ ನೋಡಿದರು. "ಇದರ ಸುರಾಖ್ ಎಲ್ಲಿ?" ಎಂದು ಕೇಳಿದರು.

ನಾನು ಎದೆಯುಬ್ಬಿಸಿ, "ಒಂದೂ ಉಳಿದಿಲ್ಲ ಹುಜೂರ್! ಎರಡಿದ್ದವು, ಎರಡೂ ಮುಚ್ಚಿಸೇನಿ!" ಅಂದೆ.

ಸಾಹೇಬರು ಚಷ್ಮಾ ತೆಗೆದು ಒರೆಸಿದರು. "ಹಂಗಾದ್ರ ನೀರು ಎಲ್ಲಿಂದ ಬರಬೇಕು? ಎಲ್ಲಿಂದ ಹೋಗಬೇಕು?" ಎಂದು ಮೆತ್ತಗೆ ಕೇಳಿದರು.

ಆಮೇಲೆ ಚಾಚಾ ಬೇಸಿನ್ನನ್ನು ತೊಡೆಯ ಮೇಲಿಟ್ಟುಕೊಂಡು, ಒಡೆಯದಂತೆ ಸಣ್ಣ ಉಳಿಯಿಂದ ಟಕ್ ಟಕ್ ಎಂದು ಎರಡು ದಿನ ಕುಟ್ಟಿದರು. ಹಿಟ್ಟಿನಷ್ಟು ಪುಡಿಯೂ ಉದುರಲಿಲ್ಲ. ಮೈಯೆಲ್ಲ ಬೆವರು.

"ಏನ್ ಚಾಚಾ, ಹೆಂಗ?" ಅಂದೆ.

"ಹೇಳಿದ್ದಿಲ್ಲೇನ್ರಿ, ತೆಗಿಯೋ ಮಗಾ ಹುಟ್ಟಿಲ್ಲಂತ? ಆ ಮಗಾ ನಾನೂ ಅಲ್ಲ ನೋಡ್ರಿ!"

ಅಫಜಲಪುರದ ಪಾಲು

ಯುದ್ಧದ ಕಾಲಕ್ಕೆ ಹಿತ್ತಾಳೆ ಸಿಗುವುದು ಕಡಿಮೆಯಾಗಿ ಅಂಗಡಿಯಲ್ಲಿ ಎರಡೇ ಘಂಗಾಳ ಉಳಿದಿದ್ದವು. ಅವಕ್ಕೇ ಗಂಟು ಬಿದ್ದವರು ಅಫಜಲಪುರದ ಅಣ್ಣ ತಮ್ಮ. ಒಬ್ಬನನ್ನು ನೋಡಿದರೆ ಇನ್ನೊಬ್ಬನನ್ನು ನೋಡುವುದೇ ಬೇಡ, ಅಷ್ಟು ಹೋಲಿಕೆ. ಮನೆ ಪಾಲಾಗಿತ್ತು. ಬಚ್ಚಲು ಮಾತ್ರ ಒಂದೇ. ಅದರಲ್ಲಿ ಇಬ್ಬರದೂ ಬೇರೆ ಬೇರೆ ಘಂಗಾಳ ಇರಬೇಕು, ಒಂದು ಇನ್ನೊಂದಕ್ಕಿಂತ ಕೂದಲೆಳೆಯಷ್ಟೂ ದೊಡ್ಡದಿರಬಾರದು ಎಂದು ಪಂಚರ ಮುಂದೆ ಮಾತಾಗಿತ್ತಂತೆ.

ಮೊದಲು ಗೇಣು ಹಾಕಿದರು. ಅಣ್ಣನ ಗೇಣು ದೊಡ್ಡದೆಂದು ತಮ್ಮ ಒಪ್ಪಲಿಲ್ಲ. ದಾರ ಹಿಡಿದರು. ತಮ್ಮ ದಾರ ಜಗ್ಗುತ್ತಾನೆಂದು ಅಣ್ಣ ಒಪ್ಪಲಿಲ್ಲ. ಕೊನೆಗೆ ನೀರು ತುಂಬಿ ಅಳೆಯುವುದೆಂದಾಯಿತು. ಹಿಂದಿನ ಬಾವಿಯಿಂದ ಸೇದಿ ಸೇದಿ ತಂದು ತಂಬಿಗೆಯಿಂದ ಹೊಯ್ದರು. ಒಂದಕ್ಕೆ ಇಪ್ಪತ್ತೆರಡು ತಂಬಿಗೆ ಹಿಡಿಯಿತು. ಇನ್ನೊಂದಕ್ಕೆ ಇಪ್ಪತ್ತೆರಡೂ ಮತ್ತೊಂದು ಗುಟುಕು.

"ನೀ ತುಂಬ ತುಂಬಿ ಹಾಕಿಲ್ಲ ಲೇ!"

"ನೀ ಚೆಲ್ಲಿದಿ!"

ಅಂಗಡಿಯ ತುಂಬ ನೀರು. ನನ್ನ ಗಾದಿ ತೇಲುವುದೊಂದು ಬಾಕಿ. ಇವರಿಬ್ಬರ ಹೆಂಡಂದಿರು ಕಟ್ಟೆಯ ಮೇಲೆ ಒಂದೇ ಉಡಿಯಿಂದ ಹುರಿದ ಪುಠಾಣಿ ಕಡಲೆ ತಿನ್ನುತ್ತ, ಒಬ್ಬರ ಕಿವಿಯಲ್ಲೊಬ್ಬರು ಏನೋ ಹೇಳಿಕೊಂಡು ನಗುತ್ತಿದ್ದರು. ಮೂರನೆಯ ಸಲ ಅಳೆಯಲು ಬಾವಿಗೆ ಹೊರಟಾಗ ಹಿರಿಯಾಕೆ ಎದ್ದು ಬಂದಳು.

"ಸಾಕ್ ಬಿಡ್ರಿ. ಒಂದs ತಗೊಂಡ್ ನಡೀರಿ. ತೊಳಿಯೂ ಮಾರಿ ಎರಡೂ ನಿಮ್ಮಪ್ಪಂದs ಅವ!"

ಜೇವರ್ಗಿಯ ನಲ್ಲಿ

ಜೇವರ್ಗಿಯ ಜೋಳದ ವ್ಯಾಪಾರಿಯೊಬ್ಬರು ಒಂದು ದಿನ ಏದುಸಿರು ಬಿಡುತ್ತ ಅಂಗಡಿಗೆ ಬಂದರು. ಅವರ ಮಗಳನ್ನು ನೋಡಲು ಹೈದರಾಬಾದಿನಿಂದ ಬೀಗರಾಗುವವರು ಬರುವವರಿದ್ದರು. ಈ ಹಿಂದೆ ಎರಡು ಕಡೆಯವರು ನೋಡಿ ಹೋಗಿ ಸುದ್ದಿಯನ್ನೇ ಹೇಳಿರಲಿಲ್ಲ. ಈ ಸಲದ ಹುಡುಗ ಒಳ್ಳೆಯವನೆಂದು ಎಲ್ಲ ಕಡೆಯಿಂದಲೂ ಕೇಳಿದ್ದರು, ಕೈಬಿಡಬಾರದು.

"ಪಟ್ಟಣದ ಮಂದಿ ನಿಂತs ಮಾರಿ ತೊಳೀತಾರಂತ್ರಿ. ನಮ್ಮ ಬಚ್ಚಲದಾಗ ಕುಕ್ಕರಗಾಲಿಲೆ ಕೂಡ್ರಬೇಕು. ನಮ್ಮ ಮಾನಾ ಉಳಸ್ರಿ."

ಚೀನಿ ಬೇಸಿನ್ನು ತರಿಸಿಕೊಂಡು ನಾನೇ ಜೇವರ್ಗಿಗೆ ಹೋದೆ. ಗೋಡೆ ಕಟ್ಟುವ ಗೌಂಡಿಯನ್ನು ಕರೆಸಿ ಬಚ್ಚಲಿನ ಗೋಡೆಗೆ ಕೂಡಿಸಿದೆ. ಹಿತ್ತಾಳೆಯ ನಲ್ಲಿಯನ್ನೂ ಹಚ್ಚಿದೆ. ಆದರೆ ನಲ್ಲಿಗೆ ನೀರೆಲ್ಲಿಯದು? ಊರಲ್ಲಿ ಬಾವಿ ಬಿಟ್ಟರೆ ಬೇರೆ ಇಲ್ಲ. ಗೋಡೆಯಾಚೆಗೆ ಅಡಿಗೆಮನೆ. ಗೋಡೆ ಕೊರೆದು ಕೊಳವೆ ಹಾಯಿಸಿ, ಆ ಕಡೆ ಅದರ ಬಾಯಿಗೆ ಎಣ್ಣೆ ಹೊಯ್ಯುವಂಥ ತಗಡಿನ ದೊಡ್ಡ ಆಲಿಕೆ ಕೂಡಿಸಿದೆ. ಯಾರಾದರೂ ಅಡಿಗೆಮನೆಯಲ್ಲಿ ನಿಂತು ಆಲಿಕೆಗೆ ನೀರು ಹೊಯ್ಯುತ್ತಿದ್ದರೆ ಈ ಕಡೆ ನಲ್ಲಿಯಲ್ಲಿ ಸೊಗಸಾಗಿ ಬರುತ್ತಿತ್ತು. ಹುಡುಗಿಯ ಅಜ್ಜಿ, ಎಲ್ಲರೂ ಆಯಿ ಅನ್ನುತ್ತಿದ್ದವರು, ಆ ಕೆಲಸ ತಾವೇ ವಹಿಸಿಕೊಂಡರು. "ಮಾತಾಡಬ್ಯಾಡ್ರಿ ಆಯಿ, ನೀರಷ್ಟs ಹೊಯ್ರಿ" ಎಂದು ಮೂರು ಸಲ ಹೇಳಿದೆ.

ಹುಡುಗನನ್ನೂ ಕರೆದುಕೊಂಡು ಬೀಗರು ಬಂದರು. ಹುಡುಗಿ ಚಾಪೆಯ ಮೇಲೆ ತಲೆ ತಗ್ಗಿಸಿ ಕೂತಳು, ಕೇಳಿದ್ದಕ್ಕೆ ಉತ್ತರ ಹೇಳಿದಳು, ಒಳಗೆ ಹೋದಳು. ಚುರುಮರಿ, ಉಂಡಿ ಆದ ಮೇಲೆ ಹುಡುಗನ ತಂದೆ ಕೈ ತೊಳೆಯಲು ತಮ್ಮ ಮೈದುನನ ಜೊತೆ ಬಚ್ಚಲಿಗೆ ಬಂದರು. ನಾನು ಟಾವೆಲ್ ಹಿಡಿದು ಬಾಗಿಲಲ್ಲಿ ನಿಂತೆ. ನಲ್ಲಿ ತಿರುಗಿಸಿದರು. ನೀರು ಬಂತು. "ಅರೇ, ಜೇವರ್ಗಿಗೆ ನಲ್ಲಿ ಬಂದದ!" ಅಂದರು. ನನ್ನ ಜೀವ ತಂಪಾಯಿತು.

ಕೈ ತೊಳೆಯುತ್ತ ಮೈದುನನಿಗೆ ಮೆಲ್ಲಗೆ ಹೇಳಿದರು: "ಹುಡುಗಿ ಛಲೋ ಅದಾಳ. ಆದ್ರ ಜರಾ ಗಿಡ್ಡ ಅನಸ್ತಾಳ."

ಅದೇ ಹೊತ್ತಿಗೆ ನಲ್ಲಿ ಗೊರ್ ಎಂದು ನೀರು ನಿಲ್ಲಿಸಿ ಮಾತಾಡಿತು:

"ಗಿಡ್ಡ ಅಲ್ರೀ! ಕುಂತಿದ್ಲು! ನಿಂತಾಗ ನೋಡ್ರಿ!"

ಹುಡುಗನ ತಂದೆ ಸರ್ರನೆ ಹಿಂದೆ ಸರಿದರು. ಬಗ್ಗಿ ನಲ್ಲಿಯ ಬಾಯಿ ನೋಡಿದರು. ನನ್ನನ್ನು ನೋಡಿದರು. ನಾನು ಟಾವೆಲ್ ನೋಡಿದೆ. ಅವರು ಕೈ ಚಾಚಿ ನಲ್ಲಿ ಬಂದ್ ಮಾಡಿದರು. ಸ್ವಲ್ಪ ತಡೆದು, ಮತ್ತೆ ಒಂದಿಷ್ಟೇ ತಿರುಗಿಸಿದರು.

"ಬಂದ್ ಮಾಡಬ್ಯಾಡ್ರಿ ಬೀಗರ, ಇನ್ನಾ ಹೇಳೂದದ! ಅಕಿ ರೊಟ್ಟಿ ಬಡದ್ರ..." ಅನ್ನುವಷ್ಟರಲ್ಲಿ ಅತ್ತ ಯಾರೋ ಆಲಿಕೆಗೆ ಕೊಡ ಬಗ್ಗಿಸಿರಬೇಕು, ಉಳಿದದ್ದು ಗುಳುಗುಳು ಎಂದು ನೀರಾಗಿ ಬಂತು.

ವ್ಯಾಪಾರಿ ಓಡಿ ಬಂದರು. "ತಪ್ಪಾತ್ರಿ, ನಮ್ಮವ್ವ..." ಎಂದು ತೊದಲಿದರು. ಮೂರನೆಯ ಸಂಬಂಧವೂ ಬಚ್ಚಲಿನ ಮೋರಿ ಹಿಡಿದು ಹೋಯಿತೆಂದು ನಾನೂ ತಿಳಿದೆ. ಹುಡುಗನ ತಂದೆ ಗೋಡೆ ಹಿಡಿದು ನಿಂತಿದ್ದರು. ಮೈ ನಡುಗುತ್ತಿತ್ತು. ಸಿಟ್ಟು ಅಂದುಕೊಂಡೆ. ತಿರುಗಿದಾಗ ನೋಡಿದರೆ ನಕ್ಕು ನಕ್ಕು ಕಣ್ಣಲ್ಲಿ ನೀರು.

"ನಮ್ಮ ಹೈದರಾಬಾದಿನ ನಲ್ಲಿ ಇಷ್ಟು ಖರೇ ಮಾತು ಎಂದೂ ಹೇಳಿಲ್ರಿ" ಅಂದರು. "ಕರೀರಿ ಹುಡುಗೀನ. ನಿಂದರಲಿ, ನೋಡೇಬಿಡೂಣು."

ಹುಡುಗಿ ಬಂದು ನಿಂತಳು. ಗಿಡ್ಡ ಅಲ್ಲವೇ ಅಲ್ಲ, ಜೋಳದ ದಂಟಿನ ಹಾಗೆ ನೆಟ್ಟಗೆ ಎತ್ತರ. ಯಾರೋ ಹುರುಪಿನಲ್ಲಿ ಹುಡುಗನನ್ನೂ ಎಬ್ಬಿಸಿ ಪಕ್ಕಕ್ಕೆ ನಿಲ್ಲಿಸಿದರು. ಹುಡುಗಿ ಅವನಿಗಿಂತ ಎರಡು ಬೆರಳು ಮೇಲೆ. ಹುಡುಗಿ ಹುಡುಗನನ್ನು ನೋಡಿದಳು, ಹುಡುಗ ಹುಡುಗಿಯನ್ನು ನೋಡಿದ, ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಹುಡುಗನ ತಂದೆ ಮಗನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಕೆಳಗೆ ಒತ್ತಿದರು.

"ಸಕ್ರಿ ಹಂಚ್ರಿ ಬೀಗರ. ಮತ್ತ ನೀ ಕೂಡೋ ತಮ್ಮಾ, ಅಕ್ಷತಾ ಬೀಳೂತನಕ ಏಳಬ್ಯಾಡ!"