ಪರದೆಯ ಹಿಂದಿನ ಎಡಗೈ ಊಟ

“ಒಂದೇ ಸಂಜೆ ಸಾಕು, ಈ ಊರಿನ ಹೆಣ್ಣುಮಕ್ಕಳ ಹಣೆಬರಹ ತಿದ್ದಿಬಿಡ್ತೀನಿ!” ಎಂದು ಆದಿನಾರಾಯಣಪ್ಪ ಮೇಷ್ಟ್ರು ಶಾಲೆಯ ಜಗಲಿಯ ಮೇಲೆ ನಿಂತು ಘರ್ಜಿಸಿದರು. ದೊಡ್ಡಬಳ್ಳಾಪುರ ಸೀಮೆಯ ಮಧುರೆಗೆ ಮೂರು ಮೈಲಿ ದೂರದ ಆ ಊರಿನ ನಾಲ್ಕು ಕ್ಲಾಸಿನ ಶಾಲೆಗೆ ಅವರೊಬ್ಬರೇ ಮೇಷ್ಟ್ರು, ಅವರೇ ಹೆಡ್‌ಮೇಷ್ಟ್ರು, ಗಂಟೆ ಬಾರಿಸುವವರೂ ಅವರೇ. ಗಂಡು ಹೆಣ್ಣು ಸಮಾನ ಎಂದು ಎಳೆಯ ಮಕ್ಕಳಿಗೆ ಕಲಿಸುವ ಬೊಂಬೆ ಸಿನಿಮಾ ಹೊತ್ತು ದೊಡ್ಡಬಳ್ಳಾಪುರದಿಂದ ಪ್ರಚಾರದ ವ್ಯಾನು ಬರುವುದಿತ್ತು. ಅದರ ಹಿಂದೆಯೇ ಸ್ಕೂಲ್ ಇನ್ಸ್‌ಪೆಕ್ಟರರ ಜೀಪು!

ಈ ಘರ್ಜನೆ ಕಿವಿಗೆ ಬಿದ್ದದ್ದೇ ಶಾಲೆಯ ಪಕ್ಕದ ಮನೆಯಲ್ಲಿದ್ದ ಹೆಂಡತಿ ಅನುಸೂಯಮ್ಮನಿಗೆ ಮೈಯೆಲ್ಲ ಉರಿಯಿತು. ಉರಿಯದೆ ಏನು? ಮಗಳು ನರಸಮ್ಮ ನಾಲ್ಕನೇ ಕ್ಲಾಸಿನಲ್ಲಿ ಎಲ್ಲರಿಗಿಂತ ಮುಂದೆ ಪಾಸಾಗಿ ಮನೆಯಲ್ಲಿ ಮುಸುರೆ ತಿಕ್ಕುತ್ತಿದ್ದಳು. ಮಧುರೆಯ ಮಿಡ್ಲ್‌ಸ್ಕೂಲಿಗೆ ಸೇರಿಸಲು ನಾಳೆಯೇ ಕಡೆಯ ದಿನ.

“ರೀ, ಮಗೂನ ನಾಳೆ ಸೇರಿಸ್ತೀರೋ ಇಲ್ವೋ?”

“ಮೂರು ಮೈಲಿ ನಡೀತಾಳೇನೇ ಅವಳು? ಓದಿ ಯಾವ ರಾಜ್ಯ ಆಳ್ಬೇಕು?”

“ಎರಡು ಸಲ ಫೇಲಾದ ಅವಳಣ್ಣ ಯಾವ ರಾಜ್ಯ ಆಳ್ತಾವ್ನೆ? ಅವನಿಗೆ ಸೈಕಲ್ ಬೇರೆ ಕೊಡಿಸಿದೀರಿ!”

“ಥೂ, ತಲೆ ತಿನ್ಬೇಡ ಹೋಗು! ನಾನೀಗ ಸಮಾನತೆ ಮೇಲೆ ಭಾಷಣ ಬರೀಬೇಕು!”

ಅನುಸೂಯಮ್ಮ ಸೌಟನ್ನು ಪಾತ್ರೆಗೆ ಕುಕ್ಕಿದ ಸದ್ದು ಆಚೆ ಬೀದಿಗೂ ಕೇಳಿಸಿತು.

ಹೊತ್ತು ಮುಳುಗುವ ವೇಳೆಗೆ ಶಾಲೆಯ ಬಯಲಿನ ನಡುವೆ ಎರಡು ಬಿದಿರು ಗಳ ನೆಟ್ಟು ತೆಳುವಾದ ಬಿಳಿ ಬಟ್ಟೆ ಬಿಗಿದರು. ಬಯಲಲ್ಲಿ ಸಿನಿಮಾ ಬಂದಾಗಲೆಲ್ಲ ಆ ಊರಲ್ಲಿ ನಡೆದುಬಂದ ಪದ್ಧತಿ ಒಂದೇ: ಗಂಡಸರು ಪರದೆಯ ಮುಂದೆ, ಹೆಂಗಸರು ಪರದೆಯ ಹಿಂದೆ. ಮೇಷ್ಟ್ರು ಬೆತ್ತ ಬೀಸುತ್ತ “ಹುಡುಗೀರೆಲ್ಲ ಹಿಂದಕ್ಕೆ ನಡೀರಿ! ಇಲ್ಲೇನು ಕೆಲಸ ನಿಮಗೆ?” ಎಂದು ಅಟ್ಟಿದರು. ಆಮೇಲೆ ಮೈಕು ಹಿಡಿದು, ಗಂಡು ಹೆಣ್ಣಿನ ನಡುವೆ ಭೇದ ಮಾಡುವವನು ಮನುಷ್ಯನೇ ಅಲ್ಲ ಎಂದು ಕಾಲುಗಂಟೆ ಗುಡುಗಿದರು. ಇನ್ಸ್‌ಪೆಕ್ಟರರು ಕುರ್ಚಿಯಲ್ಲಿ ಕೂತು ತಲೆದೂಗಿದರು.

ಸಿನಿಮಾ ಶುರುವಾಯಿತು. ಬಣ್ಣದಲ್ಲಿ ಬರೆದ ಅಣ್ಣ ತಂಗಿ ಇಬ್ಬರೂ ಎದ್ದು ಓಡಾಡಿದರು! ಇಬ್ಬರೂ ಕಸ ಗುಡಿಸಿದರು, ಇಬ್ಬರೂ ನೀರು ತಂದರು, ಜೊತೆಯಲ್ಲೇ ಊಟಕ್ಕೆ ಕೂತರು. ಮುಂದಿದ್ದ ಗಂಡುಹುಡುಗರು ಕೇಕೆ ಹಾಕಿದರು. ಅಷ್ಟರಲ್ಲಿ ಪರದೆಯ ಹಿಂದಿನಿಂದ ಮುದುಕಿ ಅಮ್ಮಯಮ್ಮ ಚೀರಿದಳು.

“ಅಯ್ಯಯ್ಯೋ ಥೂ! ಎಡಗೈಲಿ ಉಣ್ತಾವಲ್ರವ್ವಾ!”

“ಬಲಗೈ ಕಣಮ್ಮೋ! ಕಣ್ಣು ಕಾಣಲ್ವಾ?” ಮೇಷ್ಟ್ರು ಈಚೆಯಿಂದ ಕೂಗಿದರು.

“ನನಗೆ ಕಾಣಲ್ಲ ಅಂತ ಇಟ್ಕೊ, ಇಲ್ಲಿರೋ ಅರವತ್ತು ಹೆಂಗಸರೂ ಕುರುಡ್ರಾ? ಎಡಗೈಲಿ ಉಣ್ಣೋದು ಕಲಿಸಿದ್ರೆ ನಮ್ಮ ಹೆಣ್ಣುಮಕ್ಕಳನ್ನ ಯಾವನು ಮದುವೆ ಆಯ್ತಾನೆ? ಏಳ್ರೇ, ಮನೆಗೆ ನಡೀರಿ!”

ಹೆಂಗಸರು ಸೆರಗು ಕೊಡವಿ ಎದ್ದೇಬಿಟ್ಟರು. “ಏನ್ರೀ ಮೇಷ್ಟ್ರೇ ಇದು ಗಲಾಟೆ?” ಎಂದು ಇನ್ಸ್‌ಪೆಕ್ಟರರೂ ಎದ್ದರು. ಮೇಷ್ಟ್ರ ಸಿಟ್ಟು ನೆತ್ತಿಗೇರಿತು. “ನಿಲ್ಲಿಸ್ರಯ್ಯ! ಆ ಊಟದ ಭಾಗ ಇನ್ನೊಂದ್ಸಲ ಬಿಡಿ! ಇವರಿಗೆ ನಾನೇ ತೋರಿಸ್ತೀನಿ!” ಎಂದು ಪಂಚೆ ಎತ್ತಿಕಟ್ಟಿ ಪರದೆಯ ಹಿಂದಕ್ಕೆ ನುಗ್ಗಿದರು. ಇನ್ಸ್‌ಪೆಕ್ಟರರೂ ಹಿಂದೆಯೇ ಬಂದರು.

ಬೊಂಬೆಗಳು ಮತ್ತೆ ಊಟಕ್ಕೆ ಕೂತವು. ಎಡಗೈ! ಸಾಕ್ಷಾತ್ ಎಡಗೈ! ಮೇಷ್ಟ್ರು ಕಣ್ಣುಜ್ಜಿಕೊಂಡರು. ಆಗಲೂ ಎಡಗೈಯೇ.

ಅಷ್ಟರಲ್ಲಿ ಪರದೆಯ ಅಂಚಿನಲ್ಲಿ ಅತ್ತ ಇತ್ತ ಇಣುಕುತ್ತಿದ್ದ ನರಸಮ್ಮ ಬಂದಳು.

“ಆ ಕಡೆಯಿಂದ ನೋಡಿದ್ರೆ ಬಲಗೈ ಕಣಪ್ಪಾ. ಬಟ್ಟೆ ಹಿಂದಿನಿಂದ ನೋಡಿದ್ರೆ ಎಲ್ಲಾ ತಿರುವುಮುರುವು. ನಮ್ಮನ್ನ ಹಿಂದೆ ಕೂರಿಸಿದ್ದೇ ತಪ್ಪು.”

“ಭಲೇ!” ಎಂದರು ಇನ್ಸ್‌ಪೆಕ್ಟರರು. “ಯಾವ ಕ್ಲಾಸಮ್ಮ ನೀನು?”

“ನಾಲ್ಕು ಮುಗೀತು ಸಾರ್. ಇನ್ನು ಸಾಕಂತೆ.”

“ಸಾಕು ಅಂದೋರು ಯಾರು?”

ಅನುಸೂಯಮ್ಮ ಮೂರು ತಿಂಗಳಿಂದ ನುಂಗಿಕೊಂಡಿದ್ದ ಸಿಟ್ಟು ಒಮ್ಮೆಗೇ ಹೊರಗೆ ಬಂತು. “ಇವರೇ ಸಾರ್! ಈಗ ಮೈಕು ಹಿಡ್ಕೊಂಡು ಬಡ್ಕೊಂಡ್ರಲ್ಲ, ಇವರೇ!”

ಊರಿಗೆ ಊರೇ ಗೊಳ್ಳೆಂದಿತು. ಮೇಷ್ಟ್ರು ತಲೆ ಕೆರೆದುಕೊಂಡು, “ಸೇರಿಸ್ತೀನಿ ಸಾರ್... ಬೆಳಿಗ್ಗೇನೇ ಸೈಕಲ್ ಮೇಲೆ ಕರ್ಕೊಂಡು ಹೋಗಿ ಸೇರಿಸ್ತೀನಿ” ಎಂದರು.

ಸಿನಿಮಾ ಮೊದಲಿನಿಂದ ಶುರುವಾಯಿತು. ಹೆಂಗಸರು, ಹುಡುಗಿಯರು ಎಲ್ಲ ಎದ್ದು ಪರದೆಯ ಮುಂದಕ್ಕೆ ಓಡಿ ಗಂಡಸರ ಪಕ್ಕದಲ್ಲೇ ಒತ್ತಿಕೊಂಡು ಕೂತರು. ಮೇಷ್ಟ್ರ ಕುರ್ಚಿಯಲ್ಲಿ ಅಮ್ಮಯಮ್ಮ ಕಾಲು ಮಡಿಸಿ ಕೂತಿದ್ದಳು. ಮುಂದೆ ಎಳ್ಳು ಹಾಕಲೂ ಜಾಗವಿಲ್ಲದೆ ಮೇಷ್ಟ್ರು ಪರದೆಯ ಹಿಂದೆ ಒಬ್ಬರೇ ಉಳಿದರು.

“ಅಪ್ಪಾ, ಅಲ್ಲಿಂದ ಸರಿಯಾಗಿ ಕಾಣುತ್ತಾ?” ಎಂದು ನರಸಮ್ಮ ಮುಂದಿನಿಂದ ಕೂಗಿ ಕೇಳಿದಳು.

“ಇಲ್ಲ ಕಣಮ್ಮಾ,” ಎಂದರು ಮೇಷ್ಟ್ರು, “ಇಲ್ಲಿ ಕೂತೋರಿಗೆ ಏನೂ ಸರಿಯಾಗಿ ಕಾಣಲ್ಲ!”